ಹತ್ತಿಸಿದವರೇ ಇಳಿಸಬೇಕು: ಚಾರಣ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಕಾಸರಗೋಡಿನ ಗುಡ್ಡಗಳಿಗೆ ಜನರನ್ನು ಕರೆತರುವ ಎಲ್ಲ ಚಾರಣ ಸಂಘಟಕರಿಗೆ,

ನಮಸ್ಕಾರ.

ಮಂಗಳೂರು, ಪುತ್ತೂರು, ಸುಳ್ಯ, ಕಣ್ಣೂರು, ದೂರದ ಬೆಂಗಳೂರಿನಿಂದಲೂ ನೀವು ಬರುತ್ತೀರಿ. ಶನಿವಾರ ಭಾನುವಾರ ಬಂತೆಂದರೆ ರಾಣಿಪುರಂನ ರಸ್ತೆಯಲ್ಲಿ ನಿಮ್ಮ ಬಸ್ಸು, ಟೆಂಪೋ ಟ್ರಾವೆಲರ್‌ಗಳೇ. ಪೊಸಡಿಗುಂಪೆ ಗುಡ್ಡಕ್ಕೂ ಈಗ ಹಾಗೆಯೇ ಜನ. ಬರುವುದು ಬೇಡ ಎಂದು ನಾನು ಹೇಳುವುದಿಲ್ಲ. ಗುಡ್ಡ ಹತ್ತುವುದು ಒಳ್ಳೆಯ ಅಭ್ಯಾಸ, ಪೇಟೆಯ ಮಕ್ಕಳು ಕಾಡು ನೋಡಬೇಕು, ನಮ್ಮೂರಿನ ಹೋಟೆಲಿನವರಿಗೆ, ಜೀಪಿನವರಿಗೆ ನಾಲ್ಕು ಕಾಸು ಸಿಗಬೇಕು. ನಿಮ್ಮಲ್ಲಿ ತುಂಬ ಜವಾಬ್ದಾರಿಯಿಂದ ತಂಡ ನಡೆಸುವವರೂ ಇದ್ದಾರೆ, ಅಂಥವರ ಜೊತೆ ನಾನೇ ನಡೆದಿದ್ದೇನೆ. ಆದರೆ ಕಳೆದ ತುಲಾ ಮಳೆಯ, ಅಂದರೆ ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಯ ಹೊತ್ತಿಗೆ ರಾಣಿಪುರಂನಲ್ಲಿ ಕಣ್ಣಾರೆ ಕಂಡದ್ದನ್ನು ಹೇಳದೆ ಇರಲು ಆಗುತ್ತಿಲ್ಲ. ಆ ತಂಡದ ಹೆಸರು ನಾನು ಬರೆಯುವುದಿಲ್ಲ. ಒಂದು ತಂಡದ ಹೆಸರು ಹೇಳಿದರೆ ಉಳಿದವರೆಲ್ಲ "ಅದು ನಾವಲ್ಲ" ಎಂದು ಸುಮ್ಮನಾಗಿಬಿಡುತ್ತಾರೆ.

ರಾಣಿಪುರಂ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹಳೆಯ ಹೆಸರು ಮಾಡತ್ತುಮಲೆ. ಕಾಞಂಗಾಡಿನಿಂದ ಪೂರ್ವಕ್ಕೆ ಸುಮಾರು 48 ಕಿಲೋಮೀಟರ್, ಪಾಣತ್ತೂರು ದಾರಿ. ಗುಡ್ಡದ ಆಚೆ ಮಗ್ಗುಲು ಕರ್ನಾಟಕದ ಕಾಡು, ತಲಕಾವೇರಿ ವನ್ಯಧಾಮದ ಕಡೆಗೆ ಸೇರುತ್ತದೆ. ಟಿಕೆಟ್ ಕೌಂಟರಿನಿಂದ ತುದಿಗೆ ಎರಡೂವರೆ ಕಿಲೋಮೀಟರ್ ಆಸುಪಾಸು. ಕೇಳಲು ಎಷ್ಟು ಸುಲಭ, ಅಲ್ವಾ? ನಿಮ್ಮ ಜಾಹೀರಾತುಗಳಲ್ಲೂ ಹಾಗೆಯೇ ಇರುತ್ತದೆ, "ಈಸಿ ಟು ಮಾಡರೇಟ್", "ಬಿಗಿನರ್ಸ್‌ಗೆ ಸೂಕ್ತ". ಮೊದಲು ಶೋಲಾ ಕಾಡಿನ (ಗುಡ್ಡದ ಮಡಿಲಿನ ದಟ್ಟ ಹಸಿರು ಕಾಡು) ಒಳಗೆ ಬೇರುಗಳ ಮೇಲೆ ಕಾಲಿಟ್ಟು ಏರು, ಆಮೇಲೆ ಬಯಲು ಹುಲ್ಲುಗಾವಲು, ಕೊನೆಗೆ ಬಂಡೆ. ದೂರ ಕಡಿಮೆಯೇ, ಏರು ಮಾತ್ರ ಜಾಸ್ತಿ. ಮೊಣಕಾಲು ಎದೆಗೆ ಬಡಿಯುವಂಥ ಜಾಗಗಳು ಉಂಟು. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ, ಯಾವ ಕಾಲದಲ್ಲೂ ಆನೆಯ ಭಯ.

ಆ ಭಾನುವಾರ ನಾವು ನಾಲ್ಕೈದು ಜನ ಬೆಳಿಗ್ಗೆಯೇ ಹತ್ತಿ, ತುದಿಯಲ್ಲಿ ಸ್ವಲ್ಪ ಕುಳಿತು, ಮಧ್ಯಾಹ್ನ ಇಳಿಯುತ್ತಿದ್ದೆವು. ಎದುರಿಗೆ ನಿಮ್ಮಲ್ಲೊಂದು ತಂಡ ಹತ್ತಿ ಬಂತು. ಒಂದೇ ಬಣ್ಣದ ಟೀ ಶರ್ಟು, ಸುಮಾರು ನಲವತ್ತು ಜನ, ಹೆಚ್ಚಿನವರು ಕಾಲೇಜು ವಯಸ್ಸಿನವರು. ಮುಂದೆ ಒಬ್ಬ ಲೀಡರು. ಹಿಂದೆ ಯಾರೂ ಇಲ್ಲ. ಅಂದರೆ ಕೊನೆಯಲ್ಲಿ ನಡೆಯುವ ಹೊಣೆಗಾರ ಇಲ್ಲ, ಸುಸ್ತಾದವರು ಇಬ್ಬರು ಮೂವರು ತಮ್ಮ ಪಾಡಿಗೆ ಏದುಸಿರು ಬಿಡುತ್ತಾ ಬರುತ್ತಿದ್ದರು. ಹೊತ್ತು ಆಗಲೇ ಮಧ್ಯಾಹ್ನ ದಾಟಿತ್ತು. ಮೂಡು ದಿಕ್ಕಿನಲ್ಲಿ ತಲಕಾವೇರಿ ಕಡೆಯಿಂದ ಮೋಡ ಏಳುತ್ತಿತ್ತು. ತುಲಾ ಮಳೆಯ ಕಾಲದಲ್ಲಿ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು, ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮೂಡಣದಿಂದ ಗುಡುಗು. ನಮ್ಮ ಜೊತೆಗಿದ್ದ ಅಣ್ಣ ಒಬ್ಬರು ಲೀಡರಿಗೆ ಹೇಳಿಯೂ ಹೇಳಿದರು, "ಇವತ್ತು ಬಯಲಿಗೆ ಹೋಗಬೇಡಿ, ಇಲ್ಲಿಂದಲೇ ತಿರುಗಿ." ಆತ ನಕ್ಕು "ಒಂದು ಫೋಟೋ ತೆಗೆದು ಬಂದುಬಿಡ್ತೇವೆ ಸರ್" ಎಂದು ಮುಂದೆ ಹೋದ.

ನಮಗೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಕಾಡು ಶುರುವಾಗುವಲ್ಲಿ ಕುಳಿತೆವು. ಸ್ವಲ್ಪ ಹೊತ್ತಿಗೆ ಗುಡುಗು ಕೇಳಿತು, ಮೇಲಿಂದ ಮಕ್ಕಳು ಓಡಿಕೊಂಡೇ ಇಳಿಯಲು ಶುರು ಮಾಡಿದರು. ಹುಲ್ಲಿನ ದಾರಿ ಎಷ್ಟೋ ಕಾಲುಗಳು ತುಳಿದು ಕೆಳಮುಖವಾಗಿ ಮಲಗಿರುತ್ತದೆ, ನಾಲ್ಕು ಹನಿ ಬಿದ್ದರೆ ಸಾಕು, ಎಣ್ಣೆ ಸವರಿದ ಹಾಗೆ. ಅದರ ಅಡಿಯಲ್ಲಿ ಉರುಳುವ ಸಣ್ಣ ಕಲ್ಲು. ಗುಂಪು ಗುಂಪಾಗಿ ನಮ್ಮನ್ನು ದಾಟಿ ಹೋದರು. ಲೀಡರೂ ಹೋದ. ನಾವೂ ಎದ್ದು ಹೊರಡಬೇಕು ಎನ್ನುವಾಗ ಮೇಲಿನಿಂದ ಒಂದು ಧ್ವನಿ ಕೇಳಿತು. ಹತ್ತಿ ನೋಡಿದರೆ ಒಂದು ಹುಡುಗಿ ಹುಲ್ಲಿನ ಮೇಲೆ ಕುಳಿತಿದ್ದಾಳೆ, ಜೊತೆಗೆ ಅವಳ ಗೆಳತಿ ಒಬ್ಬಳೇ. ಕಾಲು ತಿರುಚಿತ್ತು.

ಶೂ ಬಿಚ್ಚಿಸಿದೆವು. ಅಡಿ ಪೂರ್ತಿ ಸವೆದು ನುಣ್ಣಗಾಗಿದ್ದ ಶೂ, ಪೇಟೆಯಲ್ಲಿ ನಡೆಯಲು ಸಾಕು, ಗುಡ್ಡಕ್ಕೆ ಸಾಲದು. ಕಾಲುಚೀಲದ ಒಳಗೆ ಉಂಬಳ ಕಚ್ಚಿ ರಕ್ತ ಇಳಿದಿತ್ತು, ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ಕಾಲಿನ ಗಂಟು ಆಗಲೇ ಬಾತು ಬರುತ್ತಿತ್ತು. ನಮ್ಮಲ್ಲಿ ಒಬ್ಬರ ಹತ್ತಿರ ಉದ್ದದ ಕೊಡೆ ಇತ್ತು. ಅದನ್ನೇ ಕಾಲಿಗೆ ಆಧಾರ ಕೊಟ್ಟು, ಬೈರಾಸಿನಿಂದ (ಟವೆಲ್) ಮೇಲೆ ಕೆಳಗೆ ಸುತ್ತಿ ಕಟ್ಟಿದೆವು. ಅವಳು ಅಳಲಿಲ್ಲ. "ಅಮ್ಮನಿಗೆ ಹೇಳಬೇಡಿ" ಎಂದು ಮಾತ್ರ ಹೇಳುತ್ತಿದ್ದಳು. ಆಮೇಲೆ ಇಬ್ಬರು ಕೈ ಕೈ ಹಿಡಿದು ಕುರ್ಚಿ ಮಾಡಿ ಕೂರಿಸಿಕೊಂಡು, ದಾರಿ ಕಿರಿದಾದಲ್ಲಿ ಅವಳು ಕುಳಿತೇ ಜಾರುತ್ತಾ, ಹತ್ತುವಾಗ ಲೆಕ್ಕಕ್ಕೇ ಬಾರದಿದ್ದ ಆ ಕಾಡಿನ ದಾರಿ ಮುಗಿಸುವಾಗ ಕತ್ತಲಾಗಿತ್ತು. ಮಳೆ ಬಿಡದೆ ಸುರಿಯುತ್ತಿತ್ತು. ಆನೆ ಓಡಾಡುವ ಜಾಗ ಅದು, ಟಾರ್ಚು ಇದ್ದದ್ದು ನಮ್ಮ ಹತ್ತಿರ ಎರಡು ಮಾತ್ರ. ಕೆಳಗಿನಿಂದ ಕಾವಲಿನವರು ಹುಡುಕಿಕೊಂಡು ಎದುರು ಬಂದರು, ಅವರಿಗೆ ಕೈಮುಗಿಯಬೇಕು.

ಕೆಳಗೆ ಬಸ್ಸು ಇಂಜಿನ್ ಚಾಲೂ ಮಾಡಿ ನಿಂತಿತ್ತು. ಇಬ್ಬರು ಕಡಿಮೆ ಇದ್ದಾರೆ ಎಂಬುದು ಬಸ್ಸು ಹೊರಡುವ ಹೊತ್ತಿಗೆ, ಸೀಟು ಖಾಲಿ ಕಂಡ ಮೇಲೆ ಗೊತ್ತಾದದ್ದಂತೆ. ತುದಿಯಲ್ಲಿ ಗ್ರೂಪ್ ಫೋಟೋಕ್ಕೆ ಎಲ್ಲರನ್ನೂ ಎಣಿಸಿ ನಿಲ್ಲಿಸಿದ್ದರು, ಆ ಗೆಳತಿಯೇ ಹೇಳಿದಳು. ಇಳಿಯಲು ಶುರು ಮಾಡುವಾಗ ಎಣಿಸಲಿಲ್ಲ. ಕಾಡಿನ ಬಾಯಲ್ಲಿ ಎಣಿಸಲಿಲ್ಲ. ನಾವು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆವು. ಸಂಘಟಕರ ಉತ್ತರ: "ಎಲ್ಲರೂ ಡಿಕ್ಲರೇಷನ್‌ಗೆ ಸಹಿ ಹಾಕಿ ಬಂದಿದ್ದಾರೆ, ಅವರವರ ಹೊಣೆ."

ಸಂಘಟಕರೇ, ನನ್ನ ದೂರು ಇರುವುದು ಈ ಉತ್ತರದ ಬಗ್ಗೆ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಹುಡುಗಿ ಫೋನಿನಲ್ಲಿ ಒಂದು ಗುಂಡಿ ಒತ್ತಿ ಒಪ್ಪಿಗೆ ಕೊಟ್ಟಿದ್ದಾಳೆ. ಏನಕ್ಕೆ ಒಪ್ಪಿದಳು? ಸವೆದ ಶೂ ನಡೆಯುವುದಿಲ್ಲ ಎಂದು ಅವಳಿಗೆ ಯಾರಾದರೂ ಹೇಳಿದ್ದರಾ? ಗುಡುಗು ಬಂದರೆ ಬಯಲಿನಲ್ಲಿ ಇರಬಾರದು ಎಂದು? ಅವಳ ಗೆಳತಿ ಹೇಳಿದ ಪ್ರಕಾರ ಬಸ್ಸಿನ ಮೈಕಿನಲ್ಲಿ ನಿಯಮಗಳನ್ನು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಓದಿ, ತಕ್ಷಣ ಹಾಡು ಹಾಕಿದರಂತೆ. ಬಸ್ಸಿನಲ್ಲಿದ್ದವರೆಲ್ಲ ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮಾತಾಡುವವರು. ಎಚ್ಚರಿಕೆಯ ಮಾತನ್ನಾದರೂ ಅವರ ಭಾಷೆಯಲ್ಲಿ ನಿಧಾನಕ್ಕೆ ಹೇಳಬಹುದಿತ್ತಲ್ಲ.

ನೀವು ಹತ್ತುವುದಕ್ಕೆ ತಯಾರಿ ಮಾಡುತ್ತೀರಿ, ಇಳಿಯುವುದಕ್ಕೆ ಮಾಡುವುದಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಪಿಕಪ್, ತಿಂಡಿ ಎಲ್ಲಿ, ತುದಿಗೆ ಎಷ್ಟು ಹೊತ್ತಿಗೆ, ಎಲ್ಲ ಬರೆದಿರುತ್ತದೆ. ಆಮೇಲೆ ಒಂದೇ ಸಾಲು, "ಸಂಜೆ ಹಿಂತಿರುಗುವುದು". ಗುಡ್ಡದಲ್ಲಿ ಕಷ್ಟ ಇರುವುದೇ ಆ ಒಂದು ಸಾಲಿನಲ್ಲಿ.

ಯಾಕೆ ಎಂದು ಹೇಳುತ್ತೇನೆ. ಹತ್ತುವಾಗ ಬೇಕಾಗುವುದು ಉಸಿರು. ಉಸಿರು ಸಿಕ್ಕಿಬಿದ್ದರೆ ಮನುಷ್ಯ ತಾನಾಗಿ ನಿಲ್ಲುತ್ತಾನೆ, ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಳಿಯುವಾಗ ಉಸಿರಿಗೆ ಏನೂ ಆಗುವುದಿಲ್ಲ, ಹಾಗಾಗಿ ಸುಲಭ ಎನಿಸುತ್ತದೆ. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಮೈಯ ಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗಬೇಕು, ಅಂದರೆ ಬ್ರೇಕಿನ ಕೆಲಸ ಮಾಡಬೇಕು. ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಅಭ್ಯಾಸ ಇಲ್ಲದವರಿಗೆ ಸ್ವಲ್ಪ ಹೊತ್ತಿನಲ್ಲೇ ಕಾಲು ನಡುಗುವುದು, ಎರಡು ದಿನ ಮನೆಯ ಮೆಟ್ಟಿಲು ಇಳಿಯಲೂ ಆಗದಿರುವುದು ಇದರಿಂದಲೇ. ನಡುಗುವ ಕಾಲು ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ಅದರ ಜೊತೆ ಬಾಟಲಿಯ ನೀರು ಮುಗಿದಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಮನಸ್ಸು "ಮುಗೀತು, ಇನ್ನೇನು ಬಸ್ಸು" ಎಂದು ಆಗಲೇ ಕೆಳಗೆ ಹೋಗಿರುತ್ತದೆ. ಶೂ ಲೇಸು ಸಡಿಲ ಇದ್ದರೆ ಬೆರಳು ಮುಂದಕ್ಕೆ ಹೋಗಿ ಬಡಿದು ಉಗುರು ಕಪ್ಪಾಗುತ್ತದೆ, ಆ ನೋವಿಗೆ ಪಾದ ಓರೆ ಇಡಲು ಶುರು ಮಾಡುತ್ತಾರೆ, ಓರೆ ಇಟ್ಟ ಪಾದ ತಿರುಚುತ್ತದೆ. ತುದಿಯಲ್ಲಿ ಐದು ನಿಮಿಷ ಕೂರಿಸಿ ಲೇಸು ಬಿಗಿ ಮಾಡಿಸಿದರೆ, ಸಣ್ಣ ಹೆಜ್ಜೆ ಇಡಲು, ಮೊಣಕಾಲು ಸ್ವಲ್ಪ ಬಗ್ಗಿಸಿಯೇ ಇಡಲು, ಓಡದೆ ಇಳಿಯಲು ಹೇಳಿಕೊಟ್ಟರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಅಷ್ಟು ಹೊತ್ತು ಫೋಟೋಕ್ಕೆ ಇದೆ, ಇದಕ್ಕೆ ಯಾಕೆ ಇಲ್ಲ?

ಇದು ನಮ್ಮ ರಾಣಿಪುರಂನ ಮಾತು ಮಾತ್ರ ಅಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಏನಾಯಿತು ನೆನಪಿದೆಯಾ? ಚೆನ್ನೈ, ಈರೋಡ್, ತಿರುಪ್ಪೂರ್ ಕಡೆಯಿಂದ ಚಾರಣಕ್ಕೆ ಹೋಗಿದ್ದವರು, ಅವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಇಳಿದು ಬರುವ ದಾರಿಯಲ್ಲಿ ಒಣಹುಲ್ಲಿಗೆ ಬಿದ್ದ ಬೆಂಕಿಯ ನಡುವೆ ಸಿಕ್ಕಿಬಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದರ ನಂತರವೇ ತಮಿಳುನಾಡು ಸರ್ಕಾರ ಚಾರಣಕ್ಕೆಂದೇ ಪ್ರತ್ಯೇಕ ನಿಯಮ ತಂದದ್ದು. 2022ರ ಫೆಬ್ರವರಿಯಲ್ಲಿ ಪಾಲಕ್ಕಾಡಿನ ಮಲಂಪುಳದಲ್ಲಿ ಒಬ್ಬ ಯುವಕ ಗುಡ್ಡ ಇಳಿಯುವಾಗ ಕಾಲು ಜಾರಿ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡ. ನಲವತ್ತು ಗಂಟೆಗೂ ಹೆಚ್ಚು ಅಲ್ಲೇ ಇದ್ದ, ಕೊನೆಗೆ ಸೇನೆಯವರು ಬಂದು ಎತ್ತಿದರು. ಟೀವಿಯ ಮುಂದೆ ಕುಳಿತು ನಾವೆಲ್ಲ ನೋಡಿದ್ದೇವೆ. ಒಂದು ಬೆಂಕಿಯಿಂದ, ಇನ್ನೊಂದು ಬಂಡೆಯಿಂದ, ಕಾರಣ ಬೇರೆ ಬೇರೆ, ಆದರೆ ಎರಡೂ ಇಳಿಯುವಾಗ ಆದದ್ದು.

ಕುಮಾರ ಪರ್ವತದ ಕಥೆ ನಿಮಗೇ ಚೆನ್ನಾಗಿ ಗೊತ್ತು. 1712 ಮೀಟರ್ ಎತ್ತರ, ಕುಕ್ಕೆಯಿಂದ ಹತ್ತಿ ಅದೇ ದಾರಿಯಲ್ಲಿ ಇಳಿಯುವವರಿಗೆ ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಇಳಿತ. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಸೇರಿದ ಜನಜಂಗುಳಿಯ ವಿಡಿಯೋ ಎಲ್ಲರ ಫೋನಿಗೂ ಬಂತು. ಕರ್ನಾಟಕದ ಅರಣ್ಯ ಸಚಿವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆದರು, ಆಮೇಲೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಆ ಕಡೆ ಬಿಗಿಯಾದ ಹಾಗೆ ಈ ಕಡೆಗೆ ಬರುವವರು ಜಾಸ್ತಿಯಾಗಿದ್ದಾರೆ ಎಂದು ನಮ್ಮ ಜೀಪಿನವರು ಹೇಳುತ್ತಾರೆ. ಅಲ್ಲಿ ಆದದ್ದು ಇಲ್ಲೂ ಆಗುವ ಮೊದಲು ನೀವೇ ಸರಿಮಾಡಿಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಸಾವಾದ ಮರುದಿನ ದಾರಿಯೇ ಮುಚ್ಚುತ್ತದೆ, ಸರಿಯಾಗಿ ನಡೆಯುವವರಿಗೂ ಗುಡ್ಡ ಇಲ್ಲ, ನಮ್ಮೂರಿನವರಿಗೂ ಇಲ್ಲ.

ಸಿಡಿಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಿಡಿಲಿನ ಕಾಲದಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಬಯಲಲ್ಲಿ ಇರಬೇಡಿ ಎಂದು ಮತ್ತೆ ಮತ್ತೆ ಎಚ್ಚರಿಸುತ್ತದೆ. ರಾಣಿಪುರಂನ ಮೇಲ್ಭಾಗ ಪೂರ್ತಿ ಬಯಲು, ಪೊಸಡಿಗುಂಪೆಯೂ ಹಾಗೆಯೇ. ಅಲ್ಲಿ ನಿಂತವನಿಗಿಂತ ಎತ್ತರದ ವಸ್ತು ಸುತ್ತಮುತ್ತ ಇರುವುದಿಲ್ಲ. ಮಿಂಚು ಕಂಡು ಮೂವತ್ತು ಸೆಕೆಂಡಿನ ಒಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಉಂಟು ಎಂದು ಲೆಕ್ಕ, ಆಗ ಒಂದು ನಿಮಿಷವೂ ತುದಿಯಲ್ಲಿ ನಿಲ್ಲಬಾರದು. ಇದನ್ನು ಕಲಿಯದ ಲೀಡರಿಗೆ ನಲವತ್ತು ಮಕ್ಕಳನ್ನು ಒಪ್ಪಿಸುವುದು ಹೇಗೆ? ಅಕ್ಟೋಬರ್, ನವೆಂಬರಿನಲ್ಲಿ, ಮತ್ತೆ ಏಪ್ರಿಲ್, ಮೇಯಲ್ಲಿ ಚಾರಣ ಇಟ್ಟರೆ ಹನ್ನೆರಡು ಗಂಟೆಗೆ ತುದಿಯಿಂದ ಕೆಳಮುಖ ಆಗಿರಬೇಕು. ತುದಿ ಮುಟ್ಟಿದ್ದರೂ ಸರಿ, ಮುಟ್ಟದಿದ್ದರೂ ಸರಿ.

ತಿರುಗುವ ಹೊತ್ತನ್ನು ಮೊದಲೇ ಗಟ್ಟಿ ಮಾಡಿ, ಬುಕಿಂಗ್ ಮಾಡುವಾಗಲೇ ಬರೆಯಿರಿ. "ದುಡ್ಡು ಕೊಟ್ಟು ಬಂದಿದ್ದೇವೆ, ತುದಿಗೆ ಹೋಗಲೇಬೇಕು" ಎಂದು ಜಗಳ ಮಾಡುವವರು ಇರುತ್ತಾರೆ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮೊದಲೇ ಬರೆದಿದ್ದರೆ ಆ ಜಗಳಕ್ಕೆ ನಿಮ್ಮ ಹತ್ತಿರ ಉತ್ತರ ಇರುತ್ತದೆ. ತಂಡದ ಕೊನೆಯಲ್ಲಿ ನಡೆಯಲು ಒಬ್ಬರನ್ನು ಇಡಿ, ಅವರು ಮುಂದಿನ ಲೀಡರಿಗಿಂತ ಅನುಭವಸ್ಥರಾಗಿರಲಿ. ಅವರ ಚೀಲದಲ್ಲಿ ಕ್ರೇಪ್ ಬ್ಯಾಂಡೇಜು, ಟಾರ್ಚು, ಹಗ್ಗ, ಒಂದೆರಡು ಬಾಟಲಿ ಜಾಸ್ತಿ ನೀರು ಇರಲಿ. ಎಣಿಕೆ ತುದಿಯಲ್ಲಿ, ಕಾಡಿನ ಬಾಯಲ್ಲಿ, ಕೌಂಟರಿನ ಹತ್ತಿರ, ಮೂರೂ ಕಡೆ ಆಗಲಿ. ನಲವತ್ತು ಜನರನ್ನು ಒಟ್ಟಿಗೆ ಹತ್ತಿಸುವುದೇ ತಪ್ಪು ಎಂದು ನನ್ನ ಅಭಿಪ್ರಾಯ, ಹತ್ತು ಹನ್ನೆರಡು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬರು ಊರಿನವರನ್ನು ಕರೆದುಕೊಳ್ಳಿ. ಅವರಿಗೆ ಕೊಡುವ ಕೂಲಿ ನಿಮ್ಮ ಟೀ ಶರ್ಟಿನ ಖರ್ಚಿಗಿಂತ ದೊಡ್ಡದಾಗಲಿಕ್ಕಿಲ್ಲ. ಆನೆ ಲದ್ದಿ ಹೊಸದೋ ಹಳೆಯದೋ ಎಂದು ನೋಡಿ ಹೇಳಬಲ್ಲವರು ಅವರು. ಶೂ ಅಡಿ ನೋಡದೆ ಯಾರನ್ನೂ ಬಸ್ಸು ಹತ್ತಿಸಬೇಡಿ.

ಇನ್ನು ಗುಡ್ಡಗಳ ಉಸ್ತುವಾರಿ ನೋಡುವ ಅಧಿಕಾರಿಗಳಿಗೂ ಎರಡು ಮಾತು. ಇದು ದೂರಲ್ಲ, ವಿನಂತಿ. ಕಡಿದಾದ ಚಾರಣದ ದಾರಿ ಇರುವಲ್ಲೆಲ್ಲ ಕಾಡು ಮುಗಿದು ಬಯಲು ಶುರುವಾಗುವ ಜಾಗದಲ್ಲಿ ಒಂದು ಸ್ಟ್ರೆಚರ್ ಇರಲಿ. ಹತ್ತಿದವರ ಹೆಸರು ಬರೆದುಕೊಂಡ ಪುಸ್ತಕದಲ್ಲಿಯೇ ಇಳಿದವರ ಗುರುತೂ ಬೀಳಲಿ. ಸಿಡಿಲಿನ ಎಚ್ಚರಿಕೆ ಇರುವ ದಿನ ಕೊನೆಯ ಪ್ರವೇಶದ ಹೊತ್ತನ್ನು ಇನ್ನೂ ಬೇಗ ಮಾಡಿ. ಕನ್ನಡದಲ್ಲಿ ಎಚ್ಚರಿಕೆ ಫಲಕ ಇಲ್ಲದ ಕಡೆ ಹಾಕಿಸಿ. ಗಡಿಯ ಎರಡೂ ಬದಿಯ ಕನ್ನಡಿಗರು ಇಲ್ಲಿಗೆ ಬರುತ್ತಾರೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ನಮ್ಮಂಥ ಕನ್ನಡ ಅಲ್ಪಸಂಖ್ಯಾತರು ಸರ್ಕಾರಕ್ಕೆ ನಮ್ಮ ಭಾಷೆಯಲ್ಲೇ ಬರೆಯುವ ಅವಕಾಶ ಉಂಟು, ಹಾಗಾಗಿ ಈ ವಿನಂತಿಯನ್ನೂ ಕನ್ನಡದಲ್ಲೇ ಬರೆದು ಕಳಿಸುತ್ತಿದ್ದೇನೆ.

ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೇ, ನೀವೂ ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ. ತುದಿ ಎಷ್ಟು ಹೊತ್ತಿಗೆ ಎಂದು ಎಲ್ಲರೂ ಕೇಳುತ್ತಾರೆ. ಕೊನೆಯಲ್ಲಿ ನಡೆಯುವವರು ಯಾರು, ಅವರ ಫೋನ್ ನಂಬರು ಏನು ಎಂದು ಕೇಳಿ. ಉತ್ತರ ತಡವರಿಸಿದರೆ ಕಳಿಸಬೇಡಿ.

ಸಂಘಟಕರೇ, ಆ ಹುಡುಗಿಯ ಕಾಲು ಈಗ ಗುಣವಾಗಿದೆ ಎಂದು ಅವಳ ಗೆಳತಿ ತಿಳಿಸಿದ್ದಾಳೆ. ಮತ್ತೆ ಗುಡ್ಡ ಹತ್ತುವ ಆಸೆ ಅವಳಿಗೆ ಇದೆಯಂತೆ, ಮನೆಯವರು ಬಿಡುತ್ತಿಲ್ಲವಂತೆ. ಅವಳ ಮನೆಯವರು ಒಪ್ಪುವಂತೆ ನಿಮ್ಮ ತಂಡಗಳು ನಡೆಯಬೇಕು ಎಂದು ಕೇಳುತ್ತಿದ್ದೇನೆ. ಮುಂದಿನ ಚಾರಣದ ಜಾಹೀರಾತು ಹಾಕುವಾಗ ತಿರುಗುವ ಹೊತ್ತು, ಗುಂಪಿನ ಗಾತ್ರ, ಕೊನೆಯಲ್ಲಿ ನಡೆಯುವವರ ಹೆಸರು, ಈ ಮೂರನ್ನೂ ಅದರಲ್ಲೇ ಬರೆಯಿರಿ. ಬರೆದವರ ತಂಡಕ್ಕೆ ಊರಿನ ದಾರಿ ಬಲ್ಲವರನ್ನು ಹುಡುಕಿಕೊಡುವ ಕೆಲಸಕ್ಕೆ ನಾನು ಮತ್ತು ನನ್ನ ಜೊತೆಯವರು ತಯಾರಿದ್ದೇವೆ.

ಇಂತಿ,
ಮುಳ್ಳೇರಿಯ ಕಡೆಯ ಒಬ್ಬ ಚಾರಣಪ್ರಿಯ